ಪುನರ್ವಸತಿ: ಮನೆಗಷ್ಟೇ ಅಲ್ಲ, ಮೈಗೂ

ಬಾಗಲಕೋಟೆ ಜಿಲ್ಲೆಯಲ್ಲಿ ‘ಪುನರ್ವಸತಿ’ ಎಂಬ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಕೃಷ್ಣೆ, ಘಟಪ್ರಭೆಯರ ದಂಡೆಯ ಊರುಗಳನ್ನು ಒಂದೊಂದಾಗಿ ಎಬ್ಬಿಸಿತು. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಖಾಲಿಯಾಗಿ, ದಿಬ್ಬದ ಮೇಲೆ ನವನಗರ ಎದ್ದಿತು. ಹಳ್ಳಿಗಳ ಹೆಸರಿನ ಜತೆ ‘ಪುನರ್ವಸತಿ ಕೇಂದ್ರ’ ಎಂಬ ಬಾಲ ಅಂಟಿಕೊಂಡಿತು. ನೀರು ನುಂಗಿದ ಮನೆ ಮರಳಿ ಬರುವುದಿಲ್ಲ. ಆದರೆ ಬದುಕನ್ನು ಇನ್ನೊಂದು ನೆಲೆಯಲ್ಲಿ ಮತ್ತೆ ಕಟ್ಟಿಕೊಳ್ಳಬೇಕು ಎಂಬುದು ಆ ಪದದ ಒಳಗಿನ ಮಾತು.

ಇದೇ ಪದ ಆಸ್ಪತ್ರೆಯಲ್ಲಿಯೂ ಇದೆ. ಅಲ್ಲಿ ಅದು ಮನೆಯನ್ನು ಕುರಿತದ್ದಲ್ಲ, ಮೈಯನ್ನು ಕುರಿತದ್ದು. ಲಕ್ವ ಹೊಡೆದ ಕೈ, ಸವೆದ ಮೊಣಕಾಲು, ವರ್ಷಾನುಗಟ್ಟಲೆ ಬಿಡದ ಟೊಂಕನೋವು, ದೂಳು ತುಂಬಿದ ಶ್ವಾಸಕೋಶ - ಇವುಗಳಲ್ಲಿ ಅನೇಕವು ಪೂರ್ತಿ ವಾಸಿಯಾಗುವ ಕಾಯಿಲೆಗಳಲ್ಲ. ಹಾಗೆಂದು ಬದುಕು ಅಲ್ಲಿಗೇ ನಿಲ್ಲಬೇಕಾಗಿಲ್ಲ. ಉಳಿದ ಶಕ್ತಿಯನ್ನು ಬೆಳೆಸಿ, ಕೆಲಸದ ರೀತಿಯನ್ನು ಬದಲಿಸಿ, ಸುತ್ತಣ ಸಲಕರಣೆಗಳನ್ನು ತಿದ್ದಿ, ರೋಗಿ ತನ್ನ ಕೆಲಸಕ್ಕೂ ತನ್ನ ಜನರ ನಡುವೆಗೂ ಮರಳುವಂತೆ ಮಾಡುವ ವಿದ್ಯೆಗೆ ದೈಹಿಕ ಪುನರ್ವಸತಿ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ ಸುಮಾರು 240 ಕೋಟಿ ಜನರಿಗೆ, ಅಂದರೆ ಮೂವರಲ್ಲಿ ಒಬ್ಬರಿಗೆ, ಇಂತಹ ನೆರವಿನಿಂದ ಉಪಯೋಗವಾಗುವಂತಹ ಯಾವುದಾದರೊಂದು ತೊಂದರೆ ಇತ್ತು. ಅದರಲ್ಲಿ ಎಲುಬು, ಕೀಲು, ಸ್ನಾಯುಗಳಿಗೆ ಸಂಬಂಧಿಸಿದ ತೊಂದರೆಗಳದೇ ಸಿಂಹಪಾಲು: ಸುಮಾರು 171 ಕೋಟಿ.

ಈ ಲೆಕ್ಕ ದೂರದ್ದೆಂದು ತೋರಬಹುದು. ಆದರೆ ಅದರ ಅರ್ಥ ತಿಳಿಯಲು ಇಳಕಲ್ಲಿನ ಒಂದು ನೇಕಾರರ ಓಣಿ ಸಾಕು.

ಕುಣಿಯೊಳಗಿನ ಕಾಲು

ಇಳಕಲ್ ಸೀರೆಯ ಕೀರ್ತಿ ಹೊಸದಲ್ಲ. ಹತ್ತಿಯ ಇಲ್ಲವೆ ರೇಷ್ಮೆಯ ಒಡಲು, ಕೆಂಪು ಬಿಳುಪಿನ ತೋಪುತೆನಿ ಸೆರಗು, ಎದ್ದು ಕಾಣುವ ದಡಿ - ಇವು ಅದರ ಗುರುತು. ಒಡಲಿನ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು ಈ ನೇಯ್ಗೆಯ ವಿಶೇಷ. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆಗಳು. ಕಣ್ಣು, ಬೆರಳು, ಕತ್ತು ಮೂರೂ ಒಂದೇ ಕಡೆ ನೆಟ್ಟಿರಬೇಕಾದ ಕೆಲಸವದು.

ನೆರೆಯ ಗುಳೇದಗುಡ್ಡದ ಖಣವೂ ಇಂತಹ ಮಗ್ಗದಲ್ಲಿಯೇ ಹುಟ್ಟಿದ್ದು. ನೆಲದಲ್ಲಿ ತೋಡಿದ ಕುಣಿ, ಅದರ ಅಂಚಿಗೆ ಒಂದು ಹಲಗೆ. ನೇಕಾರ ಹಲಗೆಯ ಮೇಲೆ ಕುಳಿತು ಕಾಲುಗಳನ್ನು ಕುಣಿಗಿಳಿಸಿ ಮೆಟ್ಟುಗಳನ್ನು ಒಂದಾದ ಮೇಲೊಂದು ತುಳಿಯುತ್ತಾನೆ. ಹಾಸು ಬಾಯ್ದೆರೆದಾಗ ಒಂದು ಕೈ ಹಗ್ಗ ಜಗ್ಗುತ್ತದೆ, ಲಾಳಿ ಅಡ್ಡ ಹಾಯುತ್ತದೆ. ಇನ್ನೊಂದು ಕೈ ಎಳೆಯನ್ನು ಬಡಿದು ಕೂಡಿಸುತ್ತದೆ. ದಿನಕ್ಕೆ ಸಾವಿರಾರು ಸಲ ಇದೇ ಚಲನೆ. ಕೈಕಾಲು ಆಡುತ್ತಲೇ ಇರುತ್ತವೆ. ಬೆನ್ನು ಮಾತ್ರ ಮುಂದೆ ಬಾಗಿದ ಭಂಗಿಯಲ್ಲಿ ಗಂಟೆಗಟ್ಟಲೆ ಹಾಗೆಯೇ ನಿಲ್ಲುತ್ತದೆ.

ಕುಣಿಮಗ್ಗ ಹುಟ್ಟಿದ್ದಕ್ಕೆ ಕಾರಣಗಳಿದ್ದವು. ತಗ್ಗು ಮಾಡಿನ ಮನೆಯಲ್ಲಿ ಎತ್ತರದ ಮಗ್ಗಕ್ಕೆ ಎಡೆಯಿರಲಿಲ್ಲ. ನೆಲದ ತಂಪಿನಿಂದ ಹತ್ತಿಯ ಎಳೆ ಕಡಿಯುವುದು ಕಡಿಮೆ. ಹೀಗೆ ಮಗ್ಗ ಮನೆಗೂ ನೂಲಿಗೂ ಹೊಂದಿಕೊಂಡಿತು. ಮೈ ಮಗ್ಗಕ್ಕೆ ಹೊಂದಿಕೊಳ್ಳಬೇಕಾಯಿತು.

ಇದು ಗಂಡಸರ ಪಾಡು ಮಾತ್ರವಲ್ಲ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಮಹಿಳೆಯರು. ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುವುದು, ಎಳೆಗೆ ಕೊಂಡಿ ಹಾಕುವುದು, ಮಗ್ಗಕ್ಕೂ ಕೂರುವುದು, ಎದ್ದರೆ ನೀರು, ಒಲೆ, ರೊಟ್ಟಿ. ಮಗ್ಗದಲ್ಲಿ ಬಾಗಿದ ಬೆನ್ನು ಒಲೆಯ ಮುಂದೆಯೂ ಬಾಗುತ್ತದೆ.

ನೋವು ಏಕೆ ಬಿಡುವುದಿಲ್ಲ?

ಬೆನ್ನುಮೂಳೆಯ ಎಲುಬುಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಬೆಳೆದವರಲ್ಲಿ ಈ ಬಿಲ್ಲೆಗಳ ಒಳಭಾಗಕ್ಕೆ ನೇರವಾಗಿ ರಕ್ತ ಹರಿಯುವುದಿಲ್ಲ. ಸುತ್ತಲಿನಿಂದ ನಿಧಾನವಾಗಿ ಒಳಸೇರುವ ಪೋಷಕಾಂಶಗಳೇ ಅವಕ್ಕೆ ಆಹಾರ. ಬೆನ್ನು ಬಾಗಿ, ಎದ್ದು, ಹೊರಳಿ ಆಡುತ್ತಿದ್ದರೆ ಅವುಗಳ ಆರೋಗ್ಯಕ್ಕೆ ಒಳ್ಳೆಯದು. ಸ್ವೀಡನ್ನಿನ ಆಲ್ಫ್ ನಾಚೆಮ್ಸನ್ ಎಂಬ ಎಲುಬು ವೈದ್ಯರು 1960ರ ದಶಕದಲ್ಲಿ ಈ ಬಿಲ್ಲೆಗಳೊಳಗಿನ ಒತ್ತಡವನ್ನು ಸೂಜಿ ಇಳಿಸಿ ಅಳೆದರು. ನೆಟ್ಟಗೆ ನಿಂತಾಗ ಇರುವುದಕ್ಕಿಂತ ಮುಂದೆ ಬಾಗಿ ಕುಳಿತಾಗ ಒತ್ತಡ ಹೆಚ್ಚು ಎಂದು ಅವರ ಅಳತೆ ತೋರಿಸಿತು.

ಸ್ನಾಯುಗಳದು ಇನ್ನೊಂದು ಕಥೆ. ಬಿಗಿದು ಸಡಿಲುವ ಸ್ನಾಯುವಿನಲ್ಲಿ ರಕ್ತ ಚೆನ್ನಾಗಿ ಓಡಾಡುತ್ತದೆ. ಬಿಗಿದೇ ನಿಂತ ಸ್ನಾಯುವಿನಲ್ಲಿ ರಕ್ತನಾಳಗಳು ಒತ್ತಿಹೋಗಿ ದಣಿವು ಬೇಗ ಬರುತ್ತದೆ. ನೇಕಾರನ ತೋಳಿಗಿಂತ ಆಡದೆ ನಿಂತ ಟೊಂಕ ಮೊದಲು ನೋಯುವುದು ಇದರಿಂದಲೇ.

ನೋವು ಮೂರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಆಗ ಇನ್ನೊಂದು ಬದಲಾವಣೆಯೂ ಆಗಬಹುದು. ಪೆಟ್ಟಾದ ಜಾಗ ಮಾಗಿದರೂ ನರಮಂಡಲ ಸೂಕ್ಷ್ಮವಾಗಿ ಉಳಿದು, ಚಿಕ್ಕ ಚಲನೆಗೂ ದೊಡ್ಡ ಎಚ್ಚರಿಕೆ ಕೊಡುತ್ತದೆ. ಮನುಷ್ಯ ಹೆದರಿ ಚಲನೆಯನ್ನೇ ಬಿಡುತ್ತಾನೆ. ಆಡದ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಬೇಗ ನೋಯುತ್ತದೆ. ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ, ಗಳಿಕೆ ತಗ್ಗುತ್ತದೆ. ‘ವಿಶ್ರಾಂತಿ ತಗೋ, ಹಾಸಿಗೆ ಬಿಟ್ಟು ಏಳಬೇಡ’ ಎಂಬ ಹಳೆಯ ಸಲಹೆಯನ್ನು ವೈದ್ಯವಿಜ್ಞಾನ ಕೈಬಿಟ್ಟದ್ದು ಇದಕ್ಕಾಗಿಯೇ. ಸಾಮಾನ್ಯ ಬೆನ್ನುನೋವಿಗೆ ಬಹುದಿನ ಮಲಗುವುದು ಮದ್ದಲ್ಲ. ಸಾಧ್ಯವಾದಷ್ಟು ಓಡಾಡಿಕೊಂಡಿರುವುದೇ ಮೇಲು ಎಂಬುದು ಇಂದಿನ ತಿಳಿವಳಿಕೆ.

‘ನಿನ್ನ ಕೆಲಸವೇನು?’

ಕೆಲಸಕ್ಕೂ ಕಾಯಿಲೆಗೂ ಇರುವ ನಂಟನ್ನು ಕ್ರಮವಾಗಿ ಬರೆದಿಟ್ಟವರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝ್ಝೀನಿ ಮೊದಲಿಗರು. 1700ರಲ್ಲಿ ಹೊರಬಂದ ಅವರ ಗ್ರಂಥದಲ್ಲಿ ಕಲ್ಲುಕುಟಿಗರಿಗೆ ಬೇರೆಯೇ ಅಧ್ಯಾಯವಿದೆ. ರೋಗಿಯನ್ನು ಕೇಳುವ ಪ್ರಶ್ನೆಗಳ ಸಾಲಿಗೆ ‘ನಿನ್ನ ಕೆಲಸವೇನು?’ ಎಂಬುದನ್ನೂ ಸೇರಿಸಿರೆಂದು ಅವರು ವೈದ್ಯರಿಗೆ ಹೇಳಿದ್ದರು. ಮುನ್ನೂರು ವರ್ಷ ಕಳೆದರೂ ಗಡಿಬಿಡಿಯ ಚಿಕಿತ್ಸಾಲಯಗಳಲ್ಲಿ ಈ ಪ್ರಶ್ನೆ ಬಿಟ್ಟುಹೋಗುವುದುಂಟು.

ಪುನರ್ವಸತಿ ಒಂದು ಪ್ರತ್ಯೇಕ ವೈದ್ಯಶಾಖೆಯಾಗಿ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಎರಡು ಮಹಾಯುದ್ಧಗಳಲ್ಲಿ ಕೈಕಾಲು ಕಳೆದುಕೊಂಡವರು, ಪೋಲಿಯೊ ತಗುಲಿದ ಮಕ್ಕಳು - ಇವರೆಲ್ಲ ಬದುಕಿ ಉಳಿದರು. ಉಳಿದವರು ಹೇಗೆ ಬದುಕಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು.

ನಮ್ಮ ದೇಶದಲ್ಲಿ ಆ ಉತ್ತರಕ್ಕೆ ರೂಪ ಕೊಟ್ಟವರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಡಾ. ಮೇರಿ ವರ್ಗೀಸ್ ಮುಖ್ಯರು. ಎಳೆಯ ವೈದ್ಯೆಯಾಗಿದ್ದಾಗ 1954ರಲ್ಲಿ ವಾಹನ ಅಪಘಾತದಲ್ಲಿ ಅವರ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ತಪ್ಪಿತು. ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಮಡಚಿಹೋದ ಕೈಬೆರಳುಗಳ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ನ್ಯೂಯಾರ್ಕಿನಲ್ಲಿ ಪುನರ್ವಸತಿ ವಿದ್ಯೆ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಆರಂಭವಾದ ಪುನರ್ವಸತಿ ಸಂಸ್ಥೆಯ ಹಿಂದೆ ಇದ್ದುದು ಅವರ ದುಡಿಮೆ. ಅವರ ಕಾಲುಗಳು ಮರಳಲಿಲ್ಲ. ಅವರ ಕೆಲಸ ಮರಳಿತು. ಪುನರ್ವಸತಿ ಎಂದರೇನು ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ಬೇಕಿಲ್ಲ.

ಬದುಕಿನ ಅಳತೆಗೋಲು

ಜ್ವರಕ್ಕೆ ಉಷ್ಣಮಾಪಕವಿದೆ, ರಕ್ತದೊತ್ತಡಕ್ಕೆ ಯಂತ್ರವಿದೆ. ಬದುಕು ಚೆನ್ನಾಗಿದೆಯೇ ಇಲ್ಲವೇ ಎಂಬುದನ್ನು ಅಳೆಯುವುದು ಹೇಗೆ? 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಕೇಂದ್ರಗಳನ್ನು ಸೇರಿಸಿಕೊಂಡು ಇದಕ್ಕೊಂದು ಪ್ರಶ್ನಾವಳಿ ರೂಪಿಸಿತು. ದೆಹಲಿ ಮತ್ತು ಚೆನ್ನೈ ಆ ಕೇಂದ್ರಗಳಲ್ಲಿ ಸೇರಿದ್ದವು. ಅದರ ಕಿರುರೂಪದಲ್ಲಿ 26 ಪ್ರಶ್ನೆಗಳಿವೆ. ದೇಹ, ಮನಸ್ಸು, ಜನರ ಒಡನಾಟ, ಸುತ್ತಲಿನ ಪರಿಸರ ಎಂಬ ನಾಲ್ಕು ಭಾಗಗಳಲ್ಲಿ ಅವುಗಳಲ್ಲಿ ಹೆಚ್ಚಿನವು ಹಂಚಿಕೊಂಡಿವೆ. ಉತ್ತರ ಹೇಳಬೇಕಾದವರು ವೈದ್ಯರಲ್ಲ, ರೋಗಿಯೇ. ಎಕ್ಸ್‌ರೇ ಚಿತ್ರದಲ್ಲಿ ಒಂದೇ ಬಗೆಯ ಸವೆತವಿದ್ದ ಇಬ್ಬರಲ್ಲಿ ಒಬ್ಬರು ಹೊಲಕ್ಕೆ ಹೋಗಿಬರಬಹುದು, ಇನ್ನೊಬ್ಬರು ಹೊಸ್ತಿಲು ದಾಟದಿರಬಹುದು. ಚಿತ್ರ ಹೇಳದ್ದನ್ನು ಮನುಷ್ಯ ಹೇಳುತ್ತಾನೆ.

ಆದರೆ ಯಾವ ಪ್ರಶ್ನೆ ಕೇಳಬೇಕು ಎಂಬುದು ನಾಡಿನಿಂದ ನಾಡಿಗೆ ಬೇರೆ. ಮೊಣಕಾಲಿನ ಸವೆತ ಅಳೆಯಲು ಪಶ್ಚಿಮದ ದೇಶಗಳಲ್ಲಿ ತಯಾರಾದ ಪ್ರಶ್ನಾವಳಿಗಳು ಮೆಟ್ಟಿಲು ಹತ್ತುವುದನ್ನು, ಕುರ್ಚಿಯಿಂದ ಏಳುವುದನ್ನು, ಕಾರು ಹತ್ತಿ ಇಳಿಯುವುದನ್ನು ವಿಚಾರಿಸುತ್ತವೆ. ಹುನಗುಂದದ ಹಳ್ಳಿಯ ಹೆಣ್ಣುಮಗಳಿಗೆ ನೆಲದ ಮೇಲೆ ಕುಳಿತು ರೊಟ್ಟಿ ಬಡಿಯಲಾಗುತ್ತದೆಯೇ, ಶೌಚಕ್ಕೆ ಕುಕ್ಕರಗಾಲಲ್ಲಿ ಕೂರಲಾಗುತ್ತದೆಯೇ, ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲು ಎಟುಕುತ್ತದೆಯೇ ಎಂಬುದು ಮುಖ್ಯ. ಪುಷ್ಯ ಮಾಸದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆಗೆ ಮನೆಯವರೆಲ್ಲ ಹೊರಟಾಗ ಒಬ್ಬಾಕೆ ‘ನಾ ಬರಂಗಿಲ್ಲ, ನೀವ್ ಹೋಗಿ ಬರ್ರಿ’ ಎಂದು ಹಿಂದೆ ಉಳಿದರೆ ಅದು ಯಾವ ರಕ್ತಪರೀಕ್ಷೆಯಲ್ಲಿಯೂ ಕಾಣದು. ಆದರೆ ಅವಳ ಕಾಯಿಲೆಯ ನಿಜವಾದ ತೂಕ ಅಲ್ಲಿದೆ. ಚಿಕಿತ್ಸೆಯ ಗುರಿ ‘ಮೊಣಕಾಲು ಇಷ್ಟು ಡಿಗ್ರಿ ಮಡಚಬೇಕು’ ಎಂದಿರುವುದಕ್ಕಿಂತ ‘ಬರುವ ಜಾತ್ರೆಗೆ ನಡೆದು ಹೋಗಬೇಕು’ ಎಂದಿದ್ದರೆ ವ್ಯಾಯಾಮ ಮಾಡಲು ಹುರುಪೂ ಬರುತ್ತದೆ.

ಮೈಗೊಂದು ಮದ್ದು, ಮಗ್ಗಕ್ಕೊಂದು ಮದ್ದು

ಹಾಗಾದರೆ ಏನು ಮಾಡಬೇಕು? ಪುನರ್ವಸತಿಯ ಉತ್ತರ ಎರಡು ಕವಲಿನದು: ಮೈಯನ್ನು ಕೆಲಸಕ್ಕೆ ಅಣಿಗೊಳಿಸುವುದು ಮತ್ತು ಕೆಲಸವನ್ನು ಮೈಗೆ ಹೊಂದಿಸುವುದು.

ಮೊದಲನೆಯದು ವ್ಯಾಯಾಮ. ಬೆನ್ನು, ಹೊಟ್ಟೆ, ತೊಡೆಯ ಸ್ನಾಯುಗಳನ್ನು ಮೆಲ್ಲಮೆಲ್ಲನೆ ಬಲಪಡಿಸುವುದು, ದಿನವೂ ನಡೆಯುವುದು. ಮೊಣಕಾಲು ಸವೆದವರಿಗೆ ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಕೀಲಿಗೆ ಆಸರೆ ಸಿಗುತ್ತದೆ. ಮೈತೂಕ ಹೆಚ್ಚಿದ್ದವರು ಸ್ವಲ್ಪ ಇಳಿಸಿದರೂ ಮೊಣಕಾಲಿನ ಭಾರ ಕಡಿಮೆಯಾಗುತ್ತದೆ. ಊರುಗೋಲು ಹಿಡಿಯುವುದರಲ್ಲಿಯೂ ಒಂದು ಗುಟ್ಟಿದೆ. ಬಲ ಮೊಣಕಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು, ನೋಯುವ ಕಾಲಿನ ಜತೆಗೇ ಮುಂದೆ ಹೋಗಬೇಕು. ಅನೇಕರು ಇದನ್ನು ತಿರುವುಮುರುವಾಗಿ ಹಿಡಿಯುತ್ತಾರೆ.

ಇನ್ನು ದುಡಿಮೆಯ ಹದ. ನೋವಿಲ್ಲದ ದಿನ ಇಡೀ ಸೀರೆ ಮುಗಿಸಿಬಿಡುತ್ತೇನೆಂದು ಕುಳಿತು, ಮರುದಿನ ಏಳಲಾಗದೆ ಮಲಗುವುದು ದೀರ್ಘಕಾಲದ ನೋವುಳ್ಳವರ ಸಾಮಾನ್ಯ ತಪ್ಪು. ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟದ ಮೇಲೆ ಕೈಯಿಟ್ಟು ಹಿಂದಕ್ಕೆ ಬಾಗಿ, ನಾಲ್ಕು ಹೆಜ್ಜೆ ನಡೆದು ಮತ್ತೆ ಕೂರುವುದರಿಂದ ಬೆನ್ನಿಗೆ ಬಿಡುವು ಸಿಗುತ್ತದೆ. ಸಮಯ ಹಾಳಾದಂತೆ ಕಂಡರೂ ವಾರದ ಲೆಕ್ಕದಲ್ಲಿ ಅದು ಉಳಿತಾಯವೇ.

ಎರಡನೆಯ ಕವಲು ಮಗ್ಗದ್ದು. ಕೂರುವ ಹಲಗೆಯ ಎತ್ತರ, ಮೆಟ್ಟುಗಳ ದೂರ, ಕುಣಿಯ ಆಳ ಇವು ನೇಯುವವರ ಕಾಲಿನ ಉದ್ದಕ್ಕೆ ಸರಿಹೊಂದಬೇಕು. ಗಂಡಸಿಗಾಗಿ ತೋಡಿದ ಕುಣಿಯಲ್ಲಿ ಗಿಡ್ಡ ಹೆಣ್ಣುಮಗಳು ಕುಳಿತರೆ ಪ್ರತಿ ಮೆಟ್ಟಿಗೂ ಸೊಂಟ ವಾಲಿಸಬೇಕಾಗುತ್ತದೆ. ಹಲಗೆಗೆ ಮೆತ್ತನೆಯ ಹಾಸು, ಬಿಡುವಿನಲ್ಲಿ ಒರಗಲು ಬೆನ್ನಾಸರೆ, ಬಾಗಿ ನೋಡಬೇಕಾಗದಂತೆ ಬೆಳಕು - ಇವಕ್ಕೆ ಬೇಕಾದುದು ಊರಿನ ಬಡಿಗನ ಕೆಲಸ, ದೊಡ್ಡ ಯಂತ್ರವಲ್ಲ. ಕೀಲುನೋವಿನವರಿಗೆ ಒಲೆಯನ್ನು ಕಟ್ಟೆಯ ಮೇಲಿಡುವುದು, ಶೌಚಾಲಯದಲ್ಲಿ ಎತ್ತರದ ಪೀಠ ಹಾಕಿಸುವುದು, ಗೋಡೆಗೊಂದು ಹಿಡಿಕೆ ಕೂಡಿಸುವುದೂ ಚಿಕಿತ್ಸೆಯ ಭಾಗವೇ.

ಇವೆಲ್ಲಕ್ಕಿಂತ ಸುಲಭವಾಗಿ ಸಿಗುವುದು ನೋವಿನ ಗುಳಿಗೆ. ವೈದ್ಯರು ಹೇಳಿದಷ್ಟು ದಿನ ನುಂಗಿದರೆ ಅದರಿಂದ ಉಪಯೋಗವುಂಟು. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುತ್ತಿದ್ದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದ್ದರೆ, ಬರಿಗಾಲಲ್ಲಿ ಮೆಟ್ಟು ತುಳಿಯುವಾಗಿನ ಗಾಯ ಗೊತ್ತೇ ಆಗದೆ ಹುಣ್ಣಾಗಬಹುದು. ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳುವ ರೂಢಿ ಅಂಥವರ ಕಾಲನ್ನು ಉಳಿಸುತ್ತದೆ.

ಕೆಲವು ಲಕ್ಷಣಗಳನ್ನು ಕಂಡಾಗ ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಲೇಬೇಕು. ಬೆನ್ನುನೋವಿನ ಜತೆ ಕಾಲಿನ ಬಲ ಕುಗ್ಗುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು - ಇವು ನರದ ಒತ್ತಡ, ಬೆನ್ನುಮೂಳೆಯ ಕ್ಷಯ ಮೊದಲಾದ ಬೇರೆ ರೋಗಗಳ ಸೂಚನೆಯಾಗಿರಬಹುದು.

ಇಳಕಲ್ಲಿನ ಇನ್ನೊಂದು ಹೆಸರು ಅದರ ಕೆಂಪು ಗ್ರಾನೈಟಿನದು. ಕಲ್ಲಿನ ನುಣುಪು ದೂಳು ಶ್ವಾಸಕೋಶದಲ್ಲಿ ನೆಲೆಸಿದರೆ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಅದನ್ನು ಹಿಂದಿರುಗಿಸುವ ಔಷಧಿ ಇಲ್ಲ. ನೀರು ಹಾಯಿಸಿ ಕೊರೆಯುವುದು, ದೂಳನ್ನು ತಡೆಯುವುದು ಇವೇ ನಿಜವಾದ ರಕ್ಷಣೆ. ರೋಗ ತಗುಲಿದವರಿಗೂ ಅಳತೆಯ ನಡಿಗೆ, ಉಸಿರಾಟದ ಅಭ್ಯಾಸ, ಕೈಕಾಲಿನ ವ್ಯಾಯಾಮ ಕಲಿಸಿದರೆ ಏದುಸಿರಿಲ್ಲದೆ ನಾಲ್ಕು ಹೆಜ್ಜೆ ಹೆಚ್ಚು ನಡೆಯಬಲ್ಲರು. ಲಕ್ವ ಹೊಡೆದವರ ವಿಷಯದಲ್ಲಿ ಮೊದಲ ತಿಂಗಳುಗಳ ಅಭ್ಯಾಸಕ್ಕೆ ಬೆಲೆ ಹೆಚ್ಚು. ಆಗ ಸುಮ್ಮನೆ ಮಲಗಿಸಿಟ್ಟರೆ ಕಳೆದುಕೊಳ್ಳುವುದೇ ಹೆಚ್ಚು.

ಒಬ್ಬರಿಂದ ಆಗುವುದಲ್ಲ

ವ್ಯಾಯಾಮ ಹೇಳಿಕೊಡುವುದು ಸುಲಭ, ಬಿಡದೆ ಮಾಡಿಸುವುದು ಕಷ್ಟ. ರೂಢಿ ಬದಲಿಸಲು ಜತೆಗಾರರು ಬೇಕು. ಇದನ್ನು ಇಳಕಲ್ಲಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಚಿತ್ತರಗಿ-ಇಳಕಲ್ ಮಠದ ಡಾ. ಮಹಾಂತ ಸ್ವಾಮೀಜಿ 1975ರಲ್ಲಿ ‘ಮಹಾಂತ ಜೋಳಿಗೆ’ ಆರಂಭಿಸಿದರು. ಮಠದ ಜೋಳಿಗೆಗೆ ಜನ ಕಾಳುಕಡಿ ಹಾಕುವುದು ವಾಡಿಕೆ. ಸ್ವಾಮೀಜಿ ಮನೆಮನೆಗೆ ಹೋಗಿ ಅದೇ ಜೋಳಿಗೆ ಒಡ್ಡಿ ಕುಡಿತ, ಬೀಡಿ, ತಂಬಾಕಿನಂತಹ ವ್ಯಸನಗಳನ್ನು ಭಿಕ್ಷೆ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ.

ಈ ಕಾರ್ಯಕ್ಕೂ ಬೆನ್ನುನೋವಿಗೂ ನೇರ ನಂಟು ಇದೆ. ಧೂಮಪಾನಿಗಳಲ್ಲಿ ಬೆನ್ನುನೋವು ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಕಲ್ಲಿನ ದೂಳು ಕುಡಿದ ಶ್ವಾಸಕೋಶಕ್ಕಂತೂ ಬೀಡಿ ಇನ್ನೊಂದು ಹೊಡೆತ. ಅದಕ್ಕಿಂತ ಮುಖ್ಯವಾದುದು ಅದರ ವಿಧಾನ. ವೈಯಕ್ತಿಕ ದೌರ್ಬಲ್ಯವೆಂದು ಮುಚ್ಚಿಟ್ಟದ್ದನ್ನು ನಾಲ್ಕು ಜನರ ಎದುರು ತಂದು, ಬಿಡುವ ಮಾತಿಗೆ ಊರನ್ನೇ ಸಾಕ್ಷಿಯಾಗಿಸಿದ್ದು ಅದರ ಬಲ. ನೋವಿನ ವಿಷಯದಲ್ಲಿಯೂ ಓಣಿಯ ನೇಕಾರರು ಕೂಡಿ ದಿನಕ್ಕೆರಡು ಬಾರಿ ಮಗ್ಗ ನಿಲ್ಲಿಸಿ ಮೈ ಸಡಿಲಿಸುವಂತಾದರೆ, ಒಬ್ಬೊಬ್ಬರಿಗೆ ಹೇಳಿದ ಸಲಹೆಗಿಂತ ಅದು ಹೆಚ್ಚು ಬಾಳೀತು.

ಆದರೆ ಎಲ್ಲವನ್ನೂ ನೇಕಾರರ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 1995ರ ಕಾಯ್ದೆಯ ಏಳು ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು. ಆದರೂ ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ನೂರಕ್ಕೆ 40ರ ವೈಕಲ್ಯದ ಪ್ರಮಾಣಪತ್ರ ಬೇಕು. ದಿನಕ್ಕೆ ಎರಡು ತಾಸು ಮಾತ್ರ ಕೂರಬಲ್ಲ ನೇಕಾರ ಆ ಅಳತೆಗೆ ಸಿಗುವುದು ಅಪರೂಪ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ಕೆಲಸ ಬಹುಮಟ್ಟಿಗೆ ಇಂತಹ ಪ್ರಮಾಣಪತ್ರ, ಮಾಸಾಶನಗಳ ಸುತ್ತಲೇ. ಸರ್ಕಾರದ ಆರೋಗ್ಯ ವಿಮೆ ಹೆಚ್ಚಾಗಿ ಆಸ್ಪತ್ರೆಗೆ ದಾಖಲಾಗುವ ಕಾಯಿಲೆಗಳಿಗೆ ಒದಗುತ್ತದೆ. ವಾರಕ್ಕೆರಡು ಸಲ ತಿಂಗಳುಗಟ್ಟಲೆ ಬೇಕಾಗುವ ಫಿಜಿಯೋಥೆರಪಿ ಇದರ ಹೊರಗೇ ಉಳಿಯುತ್ತದೆ.

ದೂರವೂ ಒಂದು ತೊಡಕು. ಇಳಕಲ್ಲಿನಿಂದ ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗಳಿಗೆ ಹೋಗಿ ಬರುವುದೆಂದರೆ ಒಂದು ದಿನದ ನೇಯ್ಗೆ ಹೋದಂತೆ. ನೋಯುವ ಬೆನ್ನಿಗೆ ಬಸ್ಸಿನ ಕುಲುಕಾಟ ಬೇರೆ. ಆದ್ದರಿಂದ ಚಿಕಿತ್ಸೆ ಮಗ್ಗದ ಬಳಿಗೆ ಬರುವುದು ಲೇಸು. ಫಿಜಿಯೋಥೆರಪಿಯವರು ತಿಂಗಳಿಗೊಮ್ಮೆ ಓಣಿಗೆ ಬಂದು ಕುಣಿ, ಹಲಗೆ, ಕೂರುವ ಭಂಗಿ ನೋಡಿ ತಿದ್ದಿದರೆ, ಆಶಾ ಕಾರ್ಯಕರ್ತೆಯರು ನಡುವಿನ ವಾರಗಳಲ್ಲಿ ನೆನಪಿಸಿದರೆ ಬಹಳಷ್ಟು ಆಗುತ್ತದೆ. ಕೈಮಗ್ಗದ ಯೋಜನೆಗಳಲ್ಲಿ ನೂಲಿಗೆ, ಮಗ್ಗಕ್ಕೆ, ಮಾರಾಟಕ್ಕೆ ನೆರವು ಕೇಳಿದಂತೆಯೇ ನೇಯುವ ಬೆನ್ನಿಗೂ ನೆರವು ಕೇಳುವುದು ಹೆಚ್ಚಿನ ಬೇಡಿಕೆಯೇನಲ್ಲ. ನೇಕಾರನ ಮಗ ಮಗ್ಗ ಬಿಡುವುದಕ್ಕೆ ಕೂಲಿ ಕಡಿಮೆ ಎಂಬುದೊಂದೇ ಕಾರಣವಲ್ಲ. ಅಪ್ಪನ ಬೆನ್ನನ್ನೂ ಅವನು ನೋಡಿರುತ್ತಾನೆ.

ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವಿದೆ. ದುಡಿಮೆಗೆ ಅವರ ಪರಂಪರೆ ಕೊಟ್ಟ ಹೆಸರು ‘ಕಾಯಕ’. ಆ ಪದದೊಳಗೇ ‘ಕಾಯ’ ಇದೆ, ಅಂದರೆ ಮೈ. ಮೈಯಿಂದ ಮಾಡುವ ಕೆಲಸವನ್ನು ಇಷ್ಟು ಎತ್ತರಕ್ಕೆ ಏರಿಸಿದ ನಾಡಿನಲ್ಲಿ, ಕೆಲಸ ಮಾಡುವ ಮೈಯ ಬಗೆಗಿನ ಕಾಳಜಿ ಅದರ ಹಿಂದೆಯೇ ಬರಬೇಕಿತ್ತು. ಮುಳುಗಿದ ಊರಿನವರಿಗೆ ಬರೀ ನಿವೇಶನದ ಹಕ್ಕುಪತ್ರ ಕೊಟ್ಟರೆ ಪುನರ್ವಸತಿ ಮುಗಿಯಲಿಲ್ಲ ಎಂಬುದನ್ನು ಬಾಗಲಕೋಟೆ ಚೆನ್ನಾಗಿ ಬಲ್ಲದು. ನೋಯುವ ಮೈಗೆ ಬರೀ ಗುಳಿಗೆಯ ಚೀಟಿ ಕೊಟ್ಟರೂ ಅದು ಮುಗಿಯುವುದಿಲ್ಲ.